ಅಪ್ಪನ ಜೊತೆ ಕೂತು ತುಪ್ಪಳ ಬೇಟೆಗಾರರ ಹಳೆ ಸಿನಿಮಾ ನೋಡುವುದು ಹೇಗೆ

ಮೊದಲು ಕಿಟಕಿಗೆ ಒಂದು ಕರಿ ಕಂಬಳಿ ಕಟ್ಟಿ. ತೆಳು ಪರದೆ ಸಾಲುವುದಿಲ್ಲ. ಮುಧೋಳದ ನಮ್ಮ ಮನೆಯಲ್ಲಿ ಬೀದಿ ದೀಪದ ಬೆಳಕು ನೇರ ಟಿವಿ ಮೇಲೆ ಬೀಳುತ್ತದೆ. ಕಪ್ಪು ಬಿಳುಪು ಸಿನಿಮಾದಲ್ಲಿ ಎಷ್ಟೋ ಕಥೆ ನೆರಳಲ್ಲೇ ಇರುತ್ತದೆ. ರಾತ್ರಿ ಬೆಂಕಿ ಸುತ್ತ ಕೂತವರ ಮುಖ ಕಾಣದಿದ್ದರೆ ನೋಡಿ ಏನು ಬಂತು?

ನಾನು ಹೇಳುತ್ತಿರುವುದು 1952ರ ‘ದಿ ಬಿಗ್ ಸ್ಕೈ’ ಬಗ್ಗೆ. ನಿರ್ದೇಶಕ ಹೊವರ್ಡ್ ಹಾಕ್ಸ್, ನಾಯಕ ಕರ್ಕ್ ಡಗ್ಲಸ್. ಅಮೆರಿಕದ ಸೇಂಟ್ ಲೂಯಿಸ್ ಊರಿಂದ ಒಂದು ದೋಣಿ ಹೊರಡುತ್ತದೆ. ಮಿಸೌರಿ ನದಿಯ ಸೆಳವಿಗೆ ಎದುರಾಗಿ, ಬ್ಲ್ಯಾಕ್‌ಫೂಟ್ ಅನ್ನುವ ಮೂಲನಿವಾಸಿ ಜನರ ಸೀಮೆಗೆ, ತುಪ್ಪಳದ ವ್ಯಾಪಾರಕ್ಕೆ. ಕಾಲ 1830ರ ದಶಕ. ನಾನಿದನ್ನು ನಾಲ್ಕು ಸಲ ನೋಡಿದ್ದೇನೆ, ನಾಲ್ಕನೇ ಸಲ ಅಪ್ಪನ ಜೊತೆ. ಅಪ್ಪ ಐವತ್ತು ವರ್ಷ ಕಂಬಳಿ ನೇಯ್ದವರು. ಅವರ ಪಕ್ಕ ಕೂತ ಮೇಲೆ ನನಗೆ ಗೊತ್ತಾಗಿದ್ದು ಇಷ್ಟು: ಇದನ್ನು ಬಂದೂಕಿನ ಸಿನಿಮಾ ಅಂತ ನೋಡಬೇಡಿ, ಕಸುಬಿನ ಸಿನಿಮಾ ಅಂತ ನೋಡಿ.

ಟಿವಿಯಲ್ಲಿ ಚಿತ್ರವನ್ನು ಹಿಗ್ಗಿಸಬೇಡಿ. ಆಗಿನ ಚಿತ್ರಗಳು ಇಂದಿನಷ್ಟು ಅಗಲ ಇರಲಿಲ್ಲ. ಎರಡೂ ಪಕ್ಕ ಕಪ್ಪು ಪಟ್ಟಿ ಬಂದರೆ ಬರಲಿ. ಮೊದಲ ಸಲ ನಾನು ಝೂಮ್ ಒತ್ತಿ ನೋಡಿದ್ದೆ, ನಿಂತವರ ತಲೆಯೆಲ್ಲ ಕತ್ತರಿಸಿ ಹೋಗಿತ್ತು. ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಳ್ಳಿ. ಆರ್ಥರ್ ಹನಿಕಟ್ ಮಾಡಿದ ವಯಸ್ಸಾದ ಬೇಟೆಗಾರನ ಮಾತಿನ ಧಾಟಿ ಕಿವಿಗೆ ಬೇಗ ಹತ್ತುವುದಿಲ್ಲ. ಆ ಪಾತ್ರಕ್ಕೆ ಅವರ ಹೆಸರು ಆಸ್ಕರ್‌ಗೂ ಹೋಗಿತ್ತು.

ಮನೆಯಲ್ಲಿ ಇಂಗ್ಲಿಷ್ ಬಾರದವರಿದ್ದರೆ ಪ್ರತಿ ಮಾತನ್ನೂ ಕನ್ನಡ ಮಾಡಿ ಹೇಳಲು ಹೋಗಬೇಡಿ. ಅವರು ನಿಮ್ಮ ಮುಖ ನೋಡುತ್ತಾರೆ, ಸಿನಿಮಾ ನೋಡುವುದಿಲ್ಲ. ಕಥೆಯನ್ನು ಊಟದ ಹೊತ್ತಿಗೇ ಹೇಳಿ ಮುಗಿಸಿ. ಜೊತೆಗೆ ಒಂದು ಪ್ರಾಣಿಯ ಬಗ್ಗೆಯೂ ಹೇಳಿ, ಯಾಕಂದರೆ ಸಿನಿಮಾ ಅದನ್ನು ಸರಿಯಾಗಿ ಹೇಳುವುದಿಲ್ಲ.

ಆ ಪ್ರಾಣಿ ಬೀವರ್. ನಮ್ಮ ನೀರುನಾಯಿ ಅಲ್ಲ. ನೀರುನಾಯಿ ಮೀನು ತಿನ್ನುತ್ತದೆ. ಬೀವರ್ ತೊಗಟೆ ತಿನ್ನುತ್ತದೆ, ಹಲ್ಲಿನಿಂದ ಮರ ಕಡಿದು ಹಳ್ಳಕ್ಕೆ ಒಡ್ಡು ಕಟ್ಟುತ್ತದೆ. ಅದರ ಮೈಮೇಲೆ ಎರಡು ಥರದ ಕೂದಲು: ಮೇಲೆ ಉದ್ದ, ಒರಟು. ಕೆಳಗೆ ಗಿಡ್ಡ, ಮೆತ್ತಗೆ. ಬೆಲೆ ಇದ್ದದ್ದು ಕೆಳಗಿನದಕ್ಕೆ. ಅದರ ಎಳೆಗಳ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಹುರುಪೆಗಳಿವೆ. ಬಿಸಿ, ನೀರು, ಒತ್ತಡ ಬಿದ್ದರೆ ಒಂದಕ್ಕೊಂದು ಸಿಕ್ಕಿಕೊಂಡು ಗಟ್ಟಿ ಬಟ್ಟೆಯಾಗುತ್ತದೆ. ಯುರೋಪಿನ ದೊಡ್ಡವರ ಟೋಪಿಗಳು ಆಗುತ್ತಿದ್ದದ್ದು ಇದರಿಂದಲೇ. ಇಷ್ಟು ಹೇಳುತ್ತಿದ್ದಂತೆ ಅಪ್ಪ ರೊಟ್ಟಿ ಕೆಳಗಿಟ್ಟರು. “ಕುರಿ ಉಣ್ಣಿನೂ ಹಂಗ. ಒದ್ದಿ ಮಾಡಿ ತಿಕ್ಕಿದ್ರ ಕೂಡಿಕೊಂಡ ಬಿಡತೈತಿ.”

ಹಿಡಿಯುವ ಬಗೆಯನ್ನೂ ಹೇಳಿದೆ. ದಡದ ಹತ್ತಿರ, ಗೇಣಿಗಿಂತ ಕಡಿಮೆ ನೀರಲ್ಲಿ ಕಬ್ಬಿಣದ ಬೋನು ಇಡುತ್ತಿದ್ದರು. ಮೇಲೆ ಒಂದು ಕಡ್ಡಿ ಬಗ್ಗಿಸಿ, ಅದರ ತುದಿಗೆ ಬೀವರ್ ಗ್ರಂಥಿಯ ವಾಸನೆ ಸವರುತ್ತಿದ್ದರು. ಬೋನಿನ ಸರಪಳಿಯ ಗೂಟ ಆಳದ ನೀರಲ್ಲಿ. ಕಾಲು ಸಿಕ್ಕ ಪ್ರಾಣಿ ಆಳಕ್ಕೆ ಓಡಿ ಅಲ್ಲೇ ಮುಳುಗಿ ಸಾಯುತ್ತಿತ್ತು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಉಣ್ಣಿ ಕತ್ತರಿಸಿದ್ರ ಕುರಿಗೆ ಮತ್ತ ಬೆಳೀತೈತಿ. ಇದಕ್ಕ?” ಈ ಪ್ರಶ್ನೆ ತಲೆಯಲ್ಲಿ ಇಟ್ಟುಕೊಂಡೇ ಸಿನಿಮಾ ಶುರು ಮಾಡಿ. 1825ರಿಂದ ಬೇಟೆಗಾರರು ವರ್ಷಕ್ಕೊಮ್ಮೆ ಅಮೆರಿಕದ ರಾಕಿ ಬೆಟ್ಟದ ತಪ್ಪಲಲ್ಲಿ ಸೇರಿ ತುಪ್ಪಳ ಮಾರುತ್ತಿದ್ದರು, ನಮ್ಮ ಜಾತ್ರೆಯ ದನದ ಸಂತೆ ಇದ್ದ ಹಾಗೆ. 1840ರಲ್ಲಿ ಅದು ನಿಂತೇ ಹೋಯಿತು. ಬೀವರ್ ಕಡಿಮೆಯಾಗಿತ್ತು, ಯುರೋಪಿನಲ್ಲಿ ರೇಷ್ಮೆ ಟೋಪಿಯ ಕಾಲ ಬಂದಿತ್ತು.

ಸಿನಿಮಾ ಶುರುವಾದ ಮೇಲೆ ಕೈಗಳನ್ನು ನೋಡಿ. ಅದರಲ್ಲೂ ಹಗ್ಗ ಎಳೆಯುವಾಗ. ಇಂಜಿನ್ ಇಲ್ಲದ ದೋಣಿ ಅದು. ಗಾಳಿ ಇದ್ದರೆ ಹಾಯಿ, ಆಳ ಇಲ್ಲದಿದ್ದರೆ ಗಳ, ಎರಡೂ ಆಗದಿದ್ದರೆ ಹಗ್ಗ. ದಡದಲ್ಲಿ ಸಾಲಾಗಿ ಜನ, ಹೆಗಲ ಮೇಲೆ ಹಗ್ಗ, ಕಾಲ ಕೆಳಗೆ ಕೆಸರು. ಅಂಥ ದೋಣಿಗಳಲ್ಲಿ ಹಗ್ಗವನ್ನು ಹಾಯಿಕಂಬದ ಎತ್ತರಕ್ಕೆ ಕಟ್ಟುತ್ತಿದ್ದರು, ದಡದ ಗಿಡಗಂಟಿಗೆ ಸಿಕ್ಕದಿರಲಿ ಅಂತ. ಇಲ್ಲಿ ನಿಲ್ಲಿಸಿ, ಹಿಂದಕ್ಕೆ ಹೋಗಿ, ಇನ್ನೊಮ್ಮೆ ನೋಡಿ. ಘಟಪ್ರಭಾ ತುಂಬಿ ಹರಿಯುವಾಗ ದಡದಲ್ಲಿ ನಿಂತವರಿಗೆ ಈ ದೃಶ್ಯದ ತೂಕ ತಾನಾಗಿ ತಿಳಿಯುತ್ತದೆ.

ಸಣ್ಣ ಮಕ್ಕಳಿದ್ದರೆ ಒಂದು ಎಚ್ಚರ. ನಾಯಕನ ಬೆರಳು ಕತ್ತರಿಸುವ ದೃಶ್ಯವಿದೆ. ಅದನ್ನು ನಗುವಿನ ಧಾಟಿಯಲ್ಲೇ ತೆಗೆದಿದ್ದಾರೆ, ಆದರೂ ನನ್ನ ಮಗಳು ಅಜ್ಜನ ತೊಡೆಯಲ್ಲಿ ಮುಖ ಮುಚ್ಚಿಕೊಂಡಳು. ಸಿನಿಮಾ ಎರಡು ಗಂಟೆಗೂ ಜಾಸ್ತಿ ಇದೆ. ನಡುವೆ ಒಂದು ಸಲ ಎದ್ದು ಚಹಾ ಮಾಡಿ, ಹುರಿದ ಶೇಂಗಾ ಇಡಿ.

ದೋಣಿಯಲ್ಲಿ ಒಬ್ಬ ಬ್ಲ್ಯಾಕ್‌ಫೂಟ್ ಹೆಣ್ಣುಮಗಳಿದ್ದಾಳೆ. ಅವಳನ್ನು ತವರಿಗೆ ತಲುಪಿಸಿದರೆ ಅವಳ ಜನ ವ್ಯಾಪಾರಕ್ಕೆ ಒಪ್ಪುತ್ತಾರೆ ಅನ್ನುವುದು ಇವರ ಲೆಕ್ಕ. ಎಲ್ಲರೂ ಮಾತಾಡುವಾಗ ಅವಳು ಏನು ನೋಡುತ್ತಿದ್ದಾಳೆ ಅಂತ ಗಮನಿಸಿ. ಆ ನೆಲ ಅವಳ ಜನರದ್ದು. ಈ ಸಿನಿಮಾ ಮಾಡಿದವರು ಹೊರಗಿನಿಂದ ಬಂದವರ ಕಡೆಯಿಂದ ಕಥೆ ಹೇಳಿದ್ದಾರೆ. ಅವಳ ಕಡೆಯ ಕಥೆಯನ್ನು ನಾವೇ ಕೂಡಿಸಿಕೊಳ್ಳಬೇಕು. ಅದಕ್ಕೆ ಮುಗಿದ ಮೇಲೆ ಹತ್ತು ನಿಮಿಷ ಇಟ್ಟುಕೊಳ್ಳಿ, ತಕ್ಷಣ ದೀಪ ಹಾಕಬೇಡಿ.

ಆ ಹತ್ತು ನಿಮಿಷದಲ್ಲಿ ನಾನು ಅಪ್ಪನಿಗೆ ದೋಣಿಯ ಹೆಸರು ಹೇಳಿದೆ: ಮಂಡನ್. ಅದು ಮಿಸೌರಿ ದಂಡೆಯಲ್ಲಿ ಗೋವಿನ ಜೋಳ ಬೆಳೆದು, ಮಣ್ಣಿನ ಮನೆ ಕಟ್ಟಿ ಬದುಕಿದ್ದ ಒಂದು ಜನಾಂಗದ ಹೆಸರು. 1837ರಲ್ಲಿ ಇದೇ ನದಿಯಲ್ಲಿ ಬಂದ ವ್ಯಾಪಾರದ ಹಬೆದೋಣಿಯೊಂದು ಸಿಡುಬು ತಂದಿತು. ಮಂಡನ್ ಜನರಲ್ಲಿ ಉಳಿದವರು ತೀರಾ ಕಡಿಮೆ. ಅಪ್ಪ ರಿಮೋಟ್ ಕೈಗೆ ಕೊಟ್ಟು, “ಹಗ್ಗ ಜಗ್ಗೂದು ಇನ್ನೊಮ್ಮೆ ಹಚ್ಚು” ಅಂದರು. ಹಚ್ಚಿದೆ.