ಅಪ್ಪನ ಕಟ್ಟ, ಆನಹೈಮಿನ ರಬ್ಬರ್ ಕಟ್ಟ

ಅಪ್ಪ ಕ್ಯಾಲಿಫೋರ್ನಿಯಾಕ್ಕೆ ಬಂದಾಗ ಡಿಸ್ನಿಲ್ಯಾಂಡ್ ನೋಡಲು ಸುತರಾಂ ಒಪ್ಪಲಿಲ್ಲ. ಅದೇ ಆನಹೈಮ್ ಊರಿನಲ್ಲಿ ನದಿಗೆ ಅಡ್ಡಲಾಗಿ ಮಲಗಿಸಿರುವ ಕಪ್ಪು ರಬ್ಬರ್ ಚೀಲವೊಂದನ್ನು ನೋಡಲು ಮಾತ್ರ ಬೆಳಿಗ್ಗೆ ಆರಕ್ಕೇ ತಯಾರಾಗಿ ಕೂತರು. ಸೈಕಲ್ ದಾರಿಯ ಬದಿಯಲ್ಲಿ ನಿಂತು ಸುಮಾರು ಹೊತ್ತು ನೋಡಿದರು. "ಹೆಬ್ಬಾವು ಏನನ್ನೋ ನುಂಗಿ ಅಡ್ಡ ಬಿದ್ದ ಹಾಗುಂಟು" ಅಂದರು. ಆಮೇಲೆ ಕೇಳಿದರು: "ನೆರೆ ಬಂದ್ರೆ ಇದು ಹೇಗೆ ಹೋಗ್ತದೆ?"

ಇಲ್ಲಿಗೆ ಕರೆದುಕೊಂಡು ಬಂದವರೆಲ್ಲ ಇದು ಎಷ್ಟು ನೀರು ಹಿಡಿಯುತ್ತದೆ ಅಂತ ಕೇಳುತ್ತಾರೆ. ಹೇಗೆ ಹೋಗುತ್ತದೆ ಅಂತ ಕೇಳಿದ್ದು ಅಪ್ಪ ಒಬ್ಬರೇ. ಕೈಯಾರೆ ಕಟ್ಟ, ಅಂದರೆ ನೀರಿಗೆ ಅಡ್ಡ ಹಾಕುವ ಒಡ್ಡು, ಕಟ್ಟಿದವರಿಗೆ ಮೊದಲು ಬರುವ ಚಿಂತೆಯೇ ಅದು.

ನಮ್ಮೂರು ಪುತ್ತೂರಿನ ಕಡೆ. ಡಿಸೆಂಬರ್ ಹೊತ್ತಿಗೆ ತೋಡಿನ (ಸಣ್ಣ ಹಳ್ಳದ) ನೀರು ಸಣ್ಣದಾಗುತ್ತದೆ. ಆಗ ಏಳೆಂಟು ಮನೆಯವರು ಸೇರಿ ಕಟ್ಟ ಹಾಕುತ್ತಿದ್ದರು. ಎರಡು ಸಾಲು ಕಲ್ಲು, ನಡುವೆ ಮಣ್ಣು ತುಂಬಿ ತುಳಿಯುವುದು, ಒತ್ತು ಕೊಡಲು ಅಡಿಕೆ ಮರದ ಕಾಂಡ. ನಾನು ಹೈಸ್ಕೂಲಿಗೆ ಬರುವಷ್ಟರಲ್ಲಿ ಒಳಗೆ ಪ್ಲಾಸ್ಟಿಕ್ ಶೀಟ್ ಕೂಡ ಸೇರಿತ್ತು. ನೀರು ನಿಂತು ವಾರ ಕಳೆಯುವುದರೊಳಗೆ ಮನೆಯ ಬಾವಿಯಲ್ಲಿ ನೀರು ಏರುತ್ತಿತ್ತು. ಜೂನ್‌ನ ಮೊದಲ ದೊಡ್ಡ ಮಳೆಗೆ ಕಟ್ಟ ಕೊಚ್ಚಿ ಹೋಗುತ್ತಿತ್ತು. ಹೋಗಲೇಬೇಕು. ಅದು ನಿಂತರೆ ನೆರೆ ಬದಿಗೆ ತಿರುಗಿ ಯಾರದ್ದಾದರೂ ತೋಟ ತಿನ್ನುತ್ತದೆ. ಅದಕ್ಕೇ ಅಪ್ಪ ಪ್ರತಿ ವರ್ಷ ಕಟ್ಟದ ನಡುವೆ ಒಂದು ಕಡೆ ಬೇಕಂತಲೇ ಸ್ವಲ್ಪ ತಗ್ಗಿಸಿ, ಸಡಿಲ ಬಿಡುತ್ತಿದ್ದರು. ಬಿರಿಯುವುದಾದರೆ ಅಲ್ಲೇ ಬಿರಿಯಲಿ ಅಂತ.

ಸಿವಿಲ್ ಇಂಜಿನಿಯರಿಂಗ್ ಓದಿ ಇಲ್ಲಿಗೆ ಬಂದು ಹದಿನೇಳು ವರ್ಷವಾಯಿತು. ಕೆಲಸ ಒಂದೇ: ನದಿಯ ನೀರನ್ನು ತಿರುಗಿಸಿ ಕೆರೆಗಳಿಗೆ ಬಿಟ್ಟು ನೆಲದೊಳಗೆ ಇಂಗಿಸುವುದು.

ನಾನು ಹೇಳುತ್ತಿರುವ ನದಿ ಸ್ಯಾಂಟಾ ಆನಾ. ಮೂರು ಸಾವಿರ ಮೀಟರಿಗೂ ಎತ್ತರದ ಬೆಟ್ಟಗಳಲ್ಲಿ ಹುಟ್ಟಿ ಸುಮಾರು 155 ಕಿಲೋಮೀಟರ್ ಓಡಿ ಪೆಸಿಫಿಕ್ ಸೇರುತ್ತದೆ. ಬೇಸಿಗೆಯಲ್ಲಿ ಕೆಳಗಿನ ಭಾಗ ನೋಡಿದರೆ ಇದೂ ಒಂದು ನದಿಯಾ ಅನ್ನಬೇಕು, ಹಾಗಿರುತ್ತದೆ. ನಮ್ಮೂರಲ್ಲಿ ವರ್ಷಕ್ಕೆ 4,000 ಮಿಲಿಮೀಟರ್ ಹತ್ತಿರ ಮಳೆ. ಆನಹೈಮಿನಲ್ಲಿ 350 ಬಂದರೆ ಸಾಕು, ಎಲ್ಲರಿಗೂ ಖುಷಿ. ಆದರೆ ಆ ಮಳೆ ಕೆಲವೇ ದಿನಗಳಲ್ಲಿ ಸುರಿಯುತ್ತದೆ. ಕಡಿದಾದ ಬೆಟ್ಟ, ಕೆಳಗೆ ಪೂರ್ತಿ ಕಾಂಕ್ರೀಟ್ ಊರು. 1938ರ ಮಾರ್ಚ್‌ನಲ್ಲಿ ಇದೇ ನದಿ ಆನಹೈಮ್ ಊರೊಳಗೆ ನುಗ್ಗಿ ಹತ್ತಾರು ಜನರನ್ನು ಬಲಿ ತೆಗೆದುಕೊಂಡಿತು. ಅದಾದ ಮೇಲೆ ಮಿಲಿಟರಿಯ ಇಂಜಿನಿಯರಿಂಗ್ ವಿಭಾಗದವರು ಮೇಲ್ಗಡೆ ಪ್ರಾಡೊ ಅಣೆಕಟ್ಟು ಕಟ್ಟಿದರು. ಮುಗಿದದ್ದು 1941ರಲ್ಲಿ.

ಇಲ್ಲಿ 'ವಾಟರ್ ಡಿಸ್ಟ್ರಿಕ್ಟ್' ಅಂದರೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಹಾಗೆ ಡಿಸಿ, ಎಸ್ಪಿ ಇರುವ ಜಿಲ್ಲೆ ಅಂದುಕೊಳ್ಳಬೇಡಿ. ನೀರಿಗೆ ಅಂತಲೇ ಮಾಡಿದ ಪಂಚಾಯಿತಿ ಅನ್ನಬಹುದು. ನಮ್ಮ ಜಿಲ್ಲೆಯಂಥದ್ದಕ್ಕೆ ಇಲ್ಲಿ ಕೌಂಟಿ ಅನ್ನುತ್ತಾರೆ, ಆನಹೈಮ್ ಇರುವುದು ಆರೆಂಜ್ ಕೌಂಟಿಯಲ್ಲಿ. ಈ ನದಿಯ ನೀರು ಇಂಗಿಸುವ ಆರೆಂಜ್ ಕೌಂಟಿ ವಾಟರ್ ಡಿಸ್ಟ್ರಿಕ್ಟ್ ಅನ್ನು ರಾಜ್ಯದ ಶಾಸನಸಭೆ 1933ರಲ್ಲಿ ಕಾಯ್ದೆ ಮಾಡಿ ಹುಟ್ಟುಹಾಕಿತು. ಹತ್ತು ಜನ ನಿರ್ದೇಶಕರು, ಅವರಲ್ಲಿ ಏಳು ಜನರನ್ನು ಜನರೇ ವೋಟು ಹಾಕಿ ಆರಿಸುತ್ತಾರೆ. ಮನೆಮನೆಗೆ ನಲ್ಲಿ ನೀರು ಕೊಡುವುದು ಇವರ ಕೆಲಸವಲ್ಲ. ನೆಲದೊಳಗಿನ ನೀರನ್ನು ನೋಡಿಕೊಳ್ಳುವುದು ಇವರ ಕೆಲಸ. ಬಾವಿಯಿಂದ ನೀರೆತ್ತುವ ನಗರಸಭೆಗಳು ಎಕರೆ-ಅಡಿಗೆ (ಒಂದು ಎಕರೆಯಲ್ಲಿ ಒಂದಡಿ ನಿಲ್ಲುವಷ್ಟು ನೀರಿಗೆ) ಇಷ್ಟು ಅಂತ ದುಡ್ಡು ಕಟ್ಟುತ್ತವೆ. ಆ ದುಡ್ಡಿನಲ್ಲಿ ಇವರು ಮತ್ತೆ ನೆಲ ತುಂಬಿಸುತ್ತಾರೆ. ಈ ನೀರನ್ನು ನಂಬಿಕೊಂಡವರು ಸುಮಾರು 25 ಲಕ್ಷ ಜನ.

ನೆರೆ ತಡೆಯುವ ಹೊಣೆ ಬೇರೆಯವರದು. ಕೌಂಟಿಯ ಫ್ಲಡ್ ಕಂಟ್ರೋಲ್ ಡಿಸ್ಟ್ರಿಕ್ಟ್ 1927ರಿಂದ ಇದೆ. ಪ್ರಾಡೊದ ಗೇಟು ಮಿಲಿಟರಿ ಇಂಜಿನಿಯರುಗಳ ಕೈಯಲ್ಲಿ. ಹೊಸದಾಗಿ ಬಂದವರಿಗೆ ಇದೆಲ್ಲ ತಲೆಬಿಸಿ. ಒಂದೇ ನದಿ, ಒಂದೇ ನೀರು. ಅದನ್ನು ಬೇಗ ಸಮುದ್ರಕ್ಕೆ ಕಳಿಸಿ ಅನ್ನುವ ಆಫೀಸು ಒಂದು, ಹಿಡಿದು ನಿಲ್ಲಿಸಿ ಅನ್ನುವ ಆಫೀಸು ಇನ್ನೊಂದು.

ಈಗ ಅಪ್ಪ ಕೇಳಿದ ಪ್ರಶ್ನೆಗೆ ಬರುತ್ತೇನೆ. ರಬ್ಬರ್ ಡ್ಯಾಮ್ ಬರುವ ಮುಂಚೆ ಇಲ್ಲೂ ಕಟ್ಟವೇ ಇತ್ತು! ಬುಲ್ಡೋಜರಿನಿಂದ ನದಿಯ ಹೊಯಿಗೆಯನ್ನೇ ತಳ್ಳಿ ಒಡ್ಡು ಮಾಡಿ, ನೀರನ್ನು ಪಕ್ಕದ ಕೆರೆಗಳಿಗೆ ತಿರುಗಿಸುತ್ತಿದ್ದರು. ದೊಡ್ಡ ಮಳೆ ಬಂದರೆ ಒಡ್ಡು ಕೊಚ್ಚಿ ಹೋಗುತ್ತಿತ್ತು. ತೊಂದರೆ ಶುರುವಾಗುತ್ತಿದ್ದದ್ದು ಆಮೇಲೆ. ಹರಿವು ಇಳಿಯುವವರೆಗೆ ಬುಲ್ಡೋಜರ್ ನದಿಗೆ ಇಳಿಯುವ ಹಾಗಿಲ್ಲ. ಅಷ್ಟು ದಿನವೂ ಒಳ್ಳೆಯ ನೀರು ಕಣ್ಣೆದುರೇ ಸಮುದ್ರಕ್ಕೆ. 500 ಕ್ಯುಸೆಕ್ ಒಂದು ದಿನ ಹರಿದು ಹೋಯಿತು ಅಂದರೆ ಸುಮಾರು 1,000 ಎಕರೆ-ಅಡಿ ಹೋಯಿತು ಅಂತ ಲೆಕ್ಕ. ನಮ್ಮ ಭಾಷೆಯಲ್ಲಿ ಹೇಳಬೇಕಾದರೆ 123 ಕೋಟಿ ಲೀಟರ್.

ರಬ್ಬರ್ ಡ್ಯಾಮ್‌ಗಳು ಬಂದದ್ದು 1990ರ ದಶಕದಲ್ಲಿ. ತಳದಲ್ಲಿ ಕಾಂಕ್ರೀಟ್ ಹಾಸು, ಅದಕ್ಕೆ ಬೋಲ್ಟ್ ಹಾಕಿ ಬಿಗಿದ ದಪ್ಪ ರಬ್ಬರ್ ಚೀಲ, ದಡದ ಮೇಲೆ ಗಾಳಿ ಪಂಪಿನ ಒಂದು ಸಣ್ಣ ಕೋಣೆ. ಗಾಳಿ ತುಂಬಿದರೆ ಎರಡು ಮೀಟರ್ ಎತ್ತರಕ್ಕೆ ಉಬ್ಬಿ ನಿಲ್ಲುತ್ತದೆ. ನೀರು ಗೊತ್ತುಮಾಡಿದ ಮಟ್ಟ ದಾಟಿದರೆ ಗಾಳಿ ಬಿಟ್ಟು ಚಪ್ಪಟೆಯಾಗಿ ಮಲಗುತ್ತದೆ. ಮರದ ದಿಮ್ಮಿ, ಹೊಯಿಗೆ, ಕೆಸರು ಎಲ್ಲ ಅದರ ಮೇಲೆ ಹಾದು ಹೋಗುತ್ತವೆ. ನೆರೆ ಇಳಿಯಿತೋ, ಮತ್ತೆ ಗಾಳಿ ತುಂಬುವುದು. ಬುಲ್ಡೋಜರಿಗಾಗಿ ಕಾಯುವ ಕೆಲಸವೇ ಇಲ್ಲ.

ಕೇಳಿ ಅಪ್ಪ ತಲೆಯಾಡಿಸಿದರು. "ಅಂದ್ರೆ ಪೂರ್ತಿ ಕಟ್ಟವೇ ಒಂದು ಕಂಡಿ."

ಇಷ್ಟೆಲ್ಲ ಕೇಳಿದರೆ ಕೆಲಸ ಸುಲಭ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು. ನೀರು ತಿರುಗಿಸುವುದು ಕಷ್ಟವಲ್ಲ. ಯಾವ ನೀರನ್ನು ತಿರುಗಿಸಬಾರದು ಅಂತ ಗೊತ್ತಾಗುವುದು ಕಷ್ಟ. ಇದನ್ನು ನಾನು ಕಲಿತದ್ದು ಈ ನದಿಗೆ ಬರುವ ಮುಂಚೆ, ಬೇರೊಂದು ಕಡೆ. ಸಣ್ಣ ಸಂಸ್ಥೆ, ಹೆಸರು ಬೇಡ. ನನಗದು ಮೊದಲ ಚಳಿಗಾಲ. ಎಂಟು ತಿಂಗಳು ಒಣಗಿದ್ದ ಹೊಳೆಗೆ ಒಂದು ರಾತ್ರಿ ನೀರು ಬಂತು. ಸೀನಿಯರ್ ರಜೆಯಲ್ಲಿದ್ದರು. ಒಂದು ಹನಿಯನ್ನೂ ಬಿಡಬಾರದು ಅನ್ನುವ ಹುಮ್ಮಸ್ಸು ನನಗೆ. ಇಂಗು ಕೆರೆಯ ಗೇಟು ಎತ್ತಿದೆ. ಬಂದದ್ದು ಚಹಾದ ಬಣ್ಣದ ನೀರು. ಕೆರೆ ತುಂಬಿತು, ಫೋಟೋ ತೆಗೆದು ಮನೆಗೂ ಕಳಿಸಿದೆ.

ಮೂರನೇ ದಿನ ಅಳತೆಪಟ್ಟಿ ನೋಡಿದರೆ ನೀರು ಇಳಿದೇ ಇಲ್ಲ. ಅದಕ್ಕೆ ಮುಂಚೆ ಅದೇ ಕೆರೆಯಲ್ಲಿ ದಿನಕ್ಕೆ ಮೂರಡಿ ಇಂಗುತ್ತಿತ್ತು. ಈಗ ನಾಲ್ಕೈದು ಇಂಚು. ತಳದಲ್ಲಿ ನುಣ್ಣನೆಯ ಕೆಸರು ಕೂತು, ಸೆಗಣಿ ಸಾರಿಸಿದ ಅಂಗಳದ ಹಾಗೆ ಮುಚ್ಚಿಹೋಗಿತ್ತು. ಕೆಸರಿನ ದಪ್ಪ ನನ್ನ ಬೆರಳಿನಷ್ಟೂ ಇರಲಿಲ್ಲ. ಕೆರೆ ಖಾಲಿ ಮಾಡಿ, ಒಣಗಿಸಿ, ಯಂತ್ರದಿಂದ ಕೆರೆಯುವಷ್ಟರಲ್ಲಿ ತಿಂಗಳಾಯಿತು. ಅಷ್ಟರಲ್ಲಿ ಎರಡು ಒಳ್ಳೆಯ ಮಳೆ ಬಂದು ಹೋಗಿದ್ದವು.

ಫೋನಿನಲ್ಲಿ ಅಪ್ಪನಿಗೆ ಹೇಳಿಕೊಂಡೆ. "ಮೊದಲ ನೆರೆಯ ನೀರನ್ನು ಯಾರಾದ್ರೂ ಬಾವಿಗೆ ಬಿಡ್ತಾರಾ?" ಅಂತ ಕೇಳಿ ಸುಮ್ಮನಾದರು.

ಈಗ ನೀರಿನ ಕದಡು ಅಳೆಯುವ ಮೀಟರ್ ಎಲ್ಲ ಕಡೆ ಇದೆ, ಆಫೀಸಿನ ಪರದೆ ಮೇಲೆ ಅಂಕಿ ಬರುತ್ತದೆ. ಆದರೂ ನನ್ನ ಗಾಡಿಯಲ್ಲಿ ಒಂದು ಉಪ್ಪಿನಕಾಯಿ ಬಾಟಲಿ ಇದ್ದೇ ಇರುತ್ತದೆ. ನೀರು ತುಂಬಿ ಡ್ಯಾಶ್‌ಬೋರ್ಡ್ ಮೇಲಿಟ್ಟು ಇಪ್ಪತ್ತು ನಿಮಿಷ ಬಿಡುತ್ತೇನೆ. ಮೇಲಿನಿಂದ ತಿಳಿಯಾಗುತ್ತಾ ಬಂದರೆ ಧೈರ್ಯ. ಹಾಗೇ ಕಲಸಿದ ಬಣ್ಣದಲ್ಲಿ ನಿಂತರೆ ಗೇಟು ಮುಚ್ಚಿಯೇ ಇರಲಿ, ಸಮುದ್ರಕ್ಕೆ ಹೋಗಲಿ. ಜೊತೆಯವರು ನಗುತ್ತಾರೆ. ನಗಲಿ ಬಿಡಿ.

ಪ್ರಾಡೊ ಅಣೆಕಟ್ಟಿನಿಂದ ನಮಗೆ ಆಗುವ ಉಪಕಾರವೂ ಇದೇ. ಕೆಸರು ಅಲ್ಲಿ ಕೂರುತ್ತದೆ, ನೀರು ನಿಧಾನವಾಗಿ ಬರುತ್ತದೆ. ಆದರೆ ಅದನ್ನು ಕಟ್ಟಿದ್ದು ನೆರೆ ತಡೆಯಲು. ನೆರೆ ತಡೆಯುವ ಅಣೆಕಟ್ಟು ಖಾಲಿ ಇದ್ದಷ್ಟೂ ಒಳ್ಳೆಯದು. ನೀರು ಇಂಗಿಸುವವರಿಗೆ ಅದು ತುಂಬಿರಬೇಕು. ಕೊನೆಗೆ ರಾಜಿಯಾದದ್ದು ಹೀಗೆ: ಸಮುದ್ರಮಟ್ಟದಿಂದ 505 ಅಡಿಯವರೆಗೆ ನೀರು ನಿಲ್ಲಿಸಬಹುದು. ಮುಂದೆ ಮಳೆಯ ಸುಳಿವು ಇಲ್ಲದಿದ್ದರೆ, ಕೆಳಗಿನ ಕೆರೆಗಳು ಎಷ್ಟು ಕುಡಿಯುತ್ತವೋ ಅಷ್ಟೇ ಬಿಡುವುದು. ದೊಡ್ಡ ಮಳೆ ಬರುವಂತಿದ್ದರೆ ಯಾರ ಮುಲಾಜೂ ಇಲ್ಲ, ಖಾಲಿ ಮಾಡುವುದೇ. ಇಷ್ಟೆಲ್ಲ ಜಗ್ಗಾಟ ಎಷ್ಟು ನೀರಿಗೆ ಗೊತ್ತಾ? ಸುಮಾರು 20,000 ಎಕರೆ-ಅಡಿಗೆ. ಒಂದು ಟಿಎಂಸಿ ಕೂಡ ಆಗುವುದಿಲ್ಲ. ನಮ್ಮ ಕೆಆರ್‌ಎಸ್ ಒಂದರಲ್ಲೇ 49 ಟಿಎಂಸಿ ಹಿಡಿಯುತ್ತದೆ.

ಮೇಲಿನವರು, ಕೆಳಗಿನವರು ಅನ್ನುವ ಜಗಳ ಇಲ್ಲೂ ತಪ್ಪಲಿಲ್ಲ. 1963ರಲ್ಲಿ ಆರೆಂಜ್ ಕೌಂಟಿಯವರು ಮೇಲ್ಗಡೆಯವರ ಮೇಲೆ ಕೇಸು ಹಾಕಿದರು. 1969ರಲ್ಲಿ ತೀರ್ಮಾನವಾಯಿತು: ವರ್ಷಕ್ಕೆ 42,000 ಎಕರೆ-ಅಡಿ ನೀರು ಪ್ರಾಡೊ ತಲುಪಬೇಕು. ನಮ್ಮ ಬಿಳಿಗುಂಡ್ಲು ಇದ್ದ ಹಾಗೆ. ಅಲ್ಲಿ 2018ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ 177.25 ಟಿಎಂಸಿ, ಇಲ್ಲಿ ಎರಡು ಟಿಎಂಸಿಗೂ ಕಡಿಮೆ. ತಮಾಷೆ ಏನೆಂದರೆ, ಮೇಲಿನ ಊರುಗಳು ಬೆಳೆದಂತೆ ಅಲ್ಲಿನ ಶುದ್ಧೀಕರಿಸಿದ ಕೊಳಚೆ ನೀರು ನದಿಗೆ ಸೇರಿ ಹರಿವು ಹೆಚ್ಚಿತು. ಈಗ ಅವರೇ ಆ ನೀರನ್ನು ಮರುಬಳಕೆ ಮಾಡಲು ಶುರುಮಾಡಿದ್ದಾರೆ. ಹರಿವು ಮತ್ತೆ ತಗ್ಗಿದೆ. ಬೇಸಿಗೆಯ ಹರಿವನ್ನೇ ನಂಬಿ ಕೂರುವ ಕಾಲ ಹೋಯಿತು. ಅದಕ್ಕೇ ಮಳೆಗಾಲದ ನೀರಿನ ಮೇಲೆ ಈಗ ಎಲ್ಲರ ಕಣ್ಣು.

ಇನ್ನೊಬ್ಬ ಪಾಲುದಾರ ಇದ್ದಾನೆ. ಲೀಸ್ಟ್ ಬೆಲ್ಸ್ ವಿರಿಯೊ ಅನ್ನುವ ಬೂದು ಬಣ್ಣದ ಪುಟ್ಟ ಹಕ್ಕಿ. ಪ್ರಾಡೊ ಹಿನ್ನೀರಿನ ಪೊದೆಗಳಲ್ಲಿ, ಆಳೆತ್ತರಕ್ಕಿಂತ ಕೆಳಗೇ ಗೂಡು ಕಟ್ಟುತ್ತದೆ. ವಸಂತದಲ್ಲಿ ನೀರು ಏರಿಸಿದರೆ ಗೂಡು ಮುಳುಗುತ್ತದೆ. ಕಾನೂನಿನ ರಕ್ಷಣೆ ಇರುವ ಹಕ್ಕಿ. ಎಷ್ಟೋ ಮೀಟಿಂಗುಗಳಲ್ಲಿ ಅದರ ಮಾತೇ ಕೊನೆಯ ಮಾತು.

ಈಚೆಗೆ ಬಂದಿರುವ ಹೊಸ ದಾರಿ, ಹವಾಮಾನದ ಮುನ್ಸೂಚನೆ ನೋಡಿಕೊಂಡು ಅಣೆಕಟ್ಟು ನಡೆಸುವುದು. ಉತ್ತರ ಕ್ಯಾಲಿಫೋರ್ನಿಯಾದ ಮೆಂಡೊಸಿನೊ ಜಲಾಶಯದಲ್ಲಿ ಮಾಡಿ ನೋಡಿದ ಮೇಲೆ ಪ್ರಾಡೊಗೂ ಅದರ ಅಧ್ಯಯನ ನಡೆದಿದೆ. ಪೆಸಿಫಿಕ್ ಮೇಲಿಂದ ಬರುವ ಉದ್ದನೆಯ ತೇವದ ಪಟ್ಟಿಗೆ ಇಲ್ಲಿ 'ಅಟ್ಮಾಸ್ಫೆರಿಕ್ ರಿವರ್' ಅನ್ನುತ್ತಾರೆ. ಅದು ಎಲ್ಲಿ ಬಂದು ಬಡಿಯುತ್ತದೆ ಅಂತ ಕೆಲವು ದಿನ ಮುಂಚೆಯೇ ಗೊತ್ತಾದರೆ ಹಿಡಿದ ನೀರನ್ನು ಧೈರ್ಯವಾಗಿ ಇಟ್ಟುಕೊಳ್ಳಬಹುದು. ನನಗೆ ಇದರ ಮೇಲೆ ನಂಬಿಕೆ ಇದೆ, ಪೂರ್ತಿ ಇಲ್ಲ. 2024ರ ಫೆಬ್ರವರಿ ಮೊದಲ ವಾರದ ಮಳೆ ಬರುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. ಆದರೂ ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಗಿನ ಜಾವ ಸೇತುವೆ ಮೇಲೆ ನಿಂತು ನೋಡಿದೆ. ರಬ್ಬರ್ ಡ್ಯಾಮ್ ಇದ್ದ ಜಾಗವೇ ಕಾಣಲಿಲ್ಲ, ದಡದಿಂದ ದಡಕ್ಕೆ ಕಂದು ನೀರು. ಬಾಟಲಿ ತುಂಬಿದೆ. ಇಪ್ಪತ್ತು ನಿಮಿಷವಾದರೂ ಒಂದು ಗೆರೆ ತಿಳಿಯಾಗಲಿಲ್ಲ.

ಆ ಸಂಜೆ ಊರಿಗೆ ಫೋನ್ ಮಾಡಿದಾಗ ಕಟ್ಟ ಹೋಯಿತು ಅಂತ ಹೇಳಿದೆ. ನಮ್ಮಿಬ್ಬರ ನಡುವೆ ಅದಕ್ಕೆ ಕಟ್ಟ ಅಂತಲೇ ಹೆಸರು.

"ಮತ್ತೆ ನಿಲ್ಲಿಸ್ಲಿಕ್ಕೆ ಎಷ್ಟು ಜನ ಬೇಕು?" ಅಂತ ಕೇಳಿದರು.

"ಜನ ಬೇಡ ಅಪ್ಪ. ನೀರು ಇಳಿದ ಮೇಲೆ ಒಂದು ಪಂಪ್ ಸಾಕು."

ಕಟ್ಟ ಹಾಕುವ ದಿನ ನಮ್ಮ ಮನೆಯಲ್ಲಿ ಅವಲಕ್ಕಿ ಸಜ್ಜಿಗೆ, ಮಧ್ಯಾಹ್ನ ಎಲ್ಲರಿಗೂ ಊಟ, ಪಾಯಸ. ತೋಡಿನಿಂದ ಹತ್ತಿ ಬಂದವರು ಜಗಲಿಯಲ್ಲಿ ಸಾಲಾಗಿ ಕೂರುತ್ತಿದ್ದರು. ಅಪ್ಪ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

"ಹಾಗಾದ್ರೆ ಊಟ ಯಾರಿಗೆ ಹಾಕ್ತೀರಿ?"