ಕ್ಯಾತೆಟರ್ ಮೂಲಕ ಹೃದಯದ ಕವಾಟ ಬದಲಾವಣೆ: ತೊಡಕುಗಳನ್ನು ತಡೆಯಲು ರೋಗಿಯ ಮನೆಯವರು ಮಾಡಬೇಕಾದದ್ದು

ಎದೆಯನ್ನು ತೆರೆಯದೆ, ತೊಡೆಸಂದಿನ ರಕ್ತನಾಳದಿಂದ ಕ್ಯಾತೆಟರ್ ಎಂಬ ಸಪೂರ ನಳಿಕೆಯನ್ನು ಹೃದಯದವರೆಗೆ ಏರಿಸಿ, ಸುಣ್ಣಗಟ್ಟಿ ಬಿಗಿದುಹೋದ ಮಹಾಪಧಮನಿ ಕವಾಟದೊಳಗೆ ಹೊಸ ಕವಾಟ ಕೂರಿಸುವ ಚಿಕಿತ್ಸೆಗೆ ಟಾವಿ ಎನ್ನುತ್ತಾರೆ. ಫ್ರಾನ್ಸಿನ ಡಾ. ಅಲೆನ್ ಕ್ರಿಬಿಯೆ 2002ರಲ್ಲಿ ಇದನ್ನು ಮೊದಲ ಬಾರಿಗೆ ರೋಗಿಯೊಬ್ಬರಿಗೆ ಮಾಡಿದರು. ಗದಗ, ಹಾವೇರಿ ಕಡೆಯ ಹಳ್ಳಿಗಳಿಂದ ಮನೆಯ ಹಿರಿಯರನ್ನು ಹುಬ್ಬಳ್ಳಿಯ ಹೃದ್ರೋಗ ತಜ್ಞರ ಬಳಿ ಕರೆತರುವವರು ಮೊದಲು ಖರ್ಚನ್ನೂ ಆಮೇಲೆ ಆಸ್ಪತ್ರೆಯಲ್ಲಿರಬೇಕಾದ ದಿನಗಳನ್ನೂ ಕೇಳುವುದು ಸಹಜ. ಆದರೆ ತೊಡಕುಗಳಲ್ಲಿ ಬಹಳಷ್ಟನ್ನು ತಡೆಯುವುದು ಚಿಕಿತ್ಸೆಗೆ ಮುಂಚಿನ ಅಳತೆ ಮತ್ತು ಮನೆಯವರು ಬಚ್ಚಿಡದೆ ಕೊಡುವ ಮಾಹಿತಿ.

ಅಳತೆ ಎಂದರೆ ಮುಖ್ಯವಾಗಿ ಬಣ್ಣದ ಔಷಧ ಕೊಟ್ಟು ತೆಗೆಯುವ ಸಿಟಿ ಸ್ಕ್ಯಾನ್. ಎಕೋ (ಶಬ್ದದ ಅಲೆಗಳಿಂದ ಹೃದಯವನ್ನು ನೋಡುವ ಪರೀಕ್ಷೆ) ಆಗಿದೆಯಲ್ಲ, ಮತ್ತೇಕೆ ಇದು ಎಂದು ಅದನ್ನು ತಪ್ಪಿಸಲು ಹೋಗಬಾರದು. ಕವಾಟ ಕೂರುವ ಉಂಗುರದ ಗಾತ್ರ ಅದರಲ್ಲಿಯೇ ಸರಿಯಾಗಿ ತಿಳಿಯುತ್ತದೆ. ಹೊಸ ಕವಾಟ ಚಿಕ್ಕದಾದರೆ ಅಂಚಿನಿಂದ ರಕ್ತ ಸೋರುತ್ತದೆ, ತೀರ ದೊಡ್ಡದಾದರೆ ಉಂಗುರವೇ ಹರಿಯುವ ಅಪಾಯವಿದೆ. ಹೃದಯಕ್ಕೆ ರಕ್ತ ಒಯ್ಯುವ ಕೊರೊನರಿ ನಾಳಗಳ ಬಾಯಿ ಉಂಗುರದಿಂದ 10–12 ಮಿಲಿಮೀಟರ್‌ಗಿಂತ ಕಡಿಮೆ ಎತ್ತರದಲ್ಲಿದ್ದರೆ ಅವು ಮುಚ್ಚಿಹೋಗದಂತೆ ವೈದ್ಯರು ಮೊದಲೇ ಸಿದ್ಧತೆ ಮಾಡಿಕೊಳ್ಳುತ್ತಾರೆ. ತೊಡೆಯ ನಾಳ 5–6 ಮಿಲಿಮೀಟರ್‌ಗಿಂತ ಕಿರಿದಾಗಿದ್ದರೆ ಅಥವಾ ಸುಣ್ಣಗಟ್ಟಿ ಅಂಕುಡೊಂಕಾಗಿದ್ದರೆ ಬೇರೆ ದಾರಿಯನ್ನು ಯೋಚಿಸಬೇಕಾಗುತ್ತದೆ, ಏಕೆಂದರೆ ನಾಳ ಹರಿದು ರಕ್ತಸ್ರಾವವಾಗುವುದು ಈ ಚಿಕಿತ್ಸೆಯ ಪ್ರಮುಖ ತೊಡಕುಗಳಲ್ಲೊಂದು.

ಬಣ್ಣದ ಔಷಧ ಮೂತ್ರಪಿಂಡದ ಮೇಲೆ ಭಾರ ಹಾಕುತ್ತದೆಯಾದ್ದರಿಂದ ಸ್ಕ್ಯಾನಿಗೆ ಮೊದಲೇ, ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತಿದೆಯೆಂದು ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಬೇಕು. ನಮ್ಮ ಕಡೆ ವಿಶೇಷವಾಗಿ ಎಚ್ಚರ ಬೇಕಾದ ವಿಷಯ ಇಲ್ಲಿದೆ. ಹೊಲದಲ್ಲಿ ದುಡಿದ ಹಿರಿಯರು ಮೊಣಕಾಲು ನೋವಿಗೆ ಮೆಡಿಕಲ್ ಶಾಪಿನಿಂದ ಗುಳಿಗೆ ತಂದು ವರ್ಷಗಟ್ಟಲೆ ನುಂಗಿರುತ್ತಾರೆ, ಅದನ್ನು ಔಷಧವೆಂದು ಲೆಕ್ಕಕ್ಕೇ ಹಿಡಿದಿರುವುದಿಲ್ಲ. ಇಂಥ ಎಷ್ಟೋ ನೋವಿನ ಗುಳಿಗೆಗಳು ಮೂತ್ರಪಿಂಡವನ್ನು ಕುಗ್ಗಿಸುತ್ತವೆ. ಹಾಳೆಯಿಂದ ಕತ್ತರಿಸಿ ಕೊಟ್ಟ, ಹೆಸರಿನ ಭಾಗವೇ ಹರಿದುಹೋದ ಗುಳಿಗೆಗಳಿದ್ದರೂ ಅವನ್ನೂ ನಾಟಿ ಔಷಧವನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರ ಮೇಜಿನ ಮೇಲೆ ಇಡಿ. ರಕ್ತ ತೆಳುವಾಗಿಸುವ ಗುಳಿಗೆ, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಇವುಗಳನ್ನು ಯಾವಾಗ ನಿಲ್ಲಿಸಬೇಕೆಂದು ಹೆಸರು ಹಿಡಿದು ಕೇಳಿ, ಬರೆಸಿಕೊಳ್ಳಿ, ನೀವಾಗಿಯೇ ನಿಲ್ಲಿಸಬೇಡಿ.

ಹಲ್ಲಿನ ತಪಾಸಣೆಯೂ ಮೊದಲೇ ಆಗಲಿ. ತಂಬಾಕು, ಗುಟ್ಕಾದಿಂದ ಹಾಳಾದ ಬಾಯಿಯ ಸೋಂಕು ರಕ್ತದ ಮೂಲಕ ಹೊಸ ಕವಾಟಕ್ಕೆ ತಗುಲಿದರೆ ಅದು ಪ್ರಾಣಾಪಾಯದ ರೋಗ.

ಹಳೆಯ ಇಸಿಜಿಗಳನ್ನು ಎಸೆಯದೆ ತನ್ನಿ. ಕವಾಟದ ಪಕ್ಕದಲ್ಲೇ ಹೃದಯದ ವಿದ್ಯುತ್ ಹಾದಿ ಹೋಗುವುದರಿಂದ ಒತ್ತಡ ಬಿದ್ದು ಬಡಿತ ನಿಧಾನವಾಗಬಹುದು, ಮತ್ತು ಬಲಭಾಗದ ಹಾದಿ ಮೊದಲೇ ಕೆಟ್ಟಿರುವವರಿಗೆ ಬಡಿತವನ್ನು ಕಾಯುವ ಪುಟ್ಟ ಯಂತ್ರವಾದ ಪೇಸ್‌ಮೇಕರ್ ಬೇಕಾಗುವ ಸಂಭವ ಹೆಚ್ಚು. ಈ ಮಾತನ್ನು ಹಿರಿಯರಿಗೂ ಮೊದಲೇ ತಿಳಿಸಿಟ್ಟರೆ ಅವರು ಗಾಬರಿಯಾಗುವುದಿಲ್ಲ.

ಚಿಕಿತ್ಸೆ ಮುಗಿದ ಮೇಲೆ ಹೇಳಿದಷ್ಟು ಹೊತ್ತು ಕಾಲನ್ನು ಮಡಚದೆ ಚಾಚಿಕೊಂಡೇ ಮಲಗಬೇಕು. ತೊಡೆಸಂದಿನಲ್ಲಿ ಊತ ಅಥವಾ ಒದ್ದೆ ಕಂಡರೆ, ಕಾಲು ತಣ್ಣಗಾದರೆ, ಸೊಂಟದ ಹಿಂಭಾಗದಲ್ಲಿ ನೋವೆಂದರೆ ನರ್ಸ್ ಬರುವವರೆಗೆ ಕಾಯದೆ ಕರೆಯಿರಿ. ಬಾಯಿ ಸೊಟ್ಟಗಾಗುವುದು, ಒಂದು ಕೈ ಸೋಲುವುದು, ಮಾತು ತೊದಲುವುದು ಲಕ್ವದ ಲಕ್ಷಣಗಳು. ಕವಾಟದ ಸುಣ್ಣದ ಚೂರು ಮೆದುಳಿಗೆ ಹೋದರೂ ಹೀಗಾಗಬಹುದು. ರಾತ್ರಿ ಹಿರಿಯರು ಗೊಂದಲಗೊಂಡು ಬಡಬಡಿಸುವುದುಂಟು. ಕನ್ನಡಕ, ಕಿವಿಯ ಯಂತ್ರ, ಪರಿಚಿತ ದನಿ ಹತ್ತಿರವಿದ್ದರೆ ಅದು ಬೇಗ ಇಳಿಯುತ್ತದೆ, ಆದರೂ ವೈದ್ಯರಿಗೆ ತಿಳಿಸಲೇಬೇಕು.

ಬಡಿತದ ತೊಂದರೆ ಕೆಲವರಲ್ಲಿ ಮನೆಗೆ ಬಂದ ಮೇಲೂ ತಲೆದೋರುತ್ತದೆ. ಹಿರೇಕೆರೂರು ಅಥವಾ ರೋಣದಂಥ ದೂರದ ಊರಿನವರು ಬಿಡುಗಡೆಯ ಮುನ್ನ ಕೊನೆಯ ಇಸಿಜಿ ಹೇಗಿದೆಯೆಂದು ಕೇಳಬೇಕು, ವೈದ್ಯರು ಇನ್ನೊಂದೆರಡು ದಿನ ಇರಿ ಎಂದರೆ ಇರಬೇಕು. ಮನೆಯಲ್ಲಿ ಕಣ್ಣು ಕತ್ತಲೆ ಬಂದು ಬಿದ್ದರೆ 108ಕ್ಕೆ ಕರೆಮಾಡಿ. ಕಾರಣವಿಲ್ಲದ ಜ್ವರ ಬಂದರೆ ಊರಿನಲ್ಲಿ ಆ್ಯಂಟಿಬಯಾಟಿಕ್ ಕೊಡಿಸುವ ಮೊದಲು ಹೃದ್ರೋಗ ತಜ್ಞರಿಗೆ ತಿಳಿಸಿ, ಏಕೆಂದರೆ ಔಷಧಕ್ಕೆ ಮುಂಚೆ ತೆಗೆದ ರಕ್ತದಲ್ಲಿಯೇ ಸೋಂಕಿನ ಗುರುತು ಚೆನ್ನಾಗಿ ಸಿಗುತ್ತದೆ. ಮುಂದೆ ಯಾವಾಗ ಹಲ್ಲು ಕೀಳಿಸಬೇಕಾದರೂ ಹೊಸ ಕವಾಟದ ವಿವರವಿರುವ ಆಸ್ಪತ್ರೆಯ ಕಾರ್ಡನ್ನು ದಂತವೈದ್ಯರಿಗೆ ತೋರಿಸಿ, ಮುಂಚಿತವಾಗಿ ಕೊಡಬೇಕಾದ ಆ್ಯಂಟಿಬಯಾಟಿಕ್ ಬಗ್ಗೆ ಕೇಳಿಕೊಳ್ಳಿ.