ಬಿಲ್ಲಿಂಗ್ ಫೈಲ್ ಕೆಟ್ಟಿದೆಯಾ? ಮೊದಲು ಮೌಸ್ ಬಿಡಿ

ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಸತ್ತು ಎಷ್ಟು ಕಾಲವಾಗಿತ್ತೋ ಏನೋ, ಕಂಪ್ಯೂಟರ್ ಫಕ್ಕನೆ ಆರಿತು. ಮತ್ತೆ ಆನ್ ಮಾಡಿದರೆ ಮಾವನ ಅಂಗಡಿಯ ಬಿಲ್ಲಿಂಗ್ ಸಾಫ್ಟ್‌ವೇರ್ ತೆರೆಯಲೇ ಇಲ್ಲ, 'ಡೇಟಾಬೇಸ್ ಡಿಸ್ಕ್ ಇಮೇಜ್ ಈಸ್ ಮಾಲ್‌ಫಾರ್ಮ್ಡ್' ಅಂತ ಒಂದೇ ಸಾಲು. ಮಾವ ಹತ್ತು ಸಲ ಕ್ಲಿಕ್ ಮಾಡಿದರು. ಆಮೇಲೆ ಫೋಲ್ಡರ್ ತೆರೆದು, ಬೇಡದ್ದು ಅನಿಸಿದ ಎರಡು ಫೈಲ್ ಅಳಿಸಿದರು. ಅವತ್ತು ಬೆಳಗಿನ ಬಿಲ್ಲುಗಳು ಹೋದದ್ದು ಕರೆಂಟಿನಿಂದಲ್ಲ, ಅದರಿಂದ.

ಆ ಸಾಲು ಬಂದರೆ ನಿಮ್ಮ ಫೈಲ್ ಎಸ್‌ಕ್ಯುಲೈಟ್‌ನದು. 2000ದಲ್ಲಿ ರಿಚರ್ಡ್ ಹಿಪ್ ಶುರು ಮಾಡಿದ ಈ ಪುಟ್ಟ ಡೇಟಾಬೇಸ್ ಆಂಡ್ರಾಯ್ಡ್ ಫೋನುಗಳಲ್ಲೂ ಇದೆ. ಕರೆಂಟ್ ಹೋದರೂ ತಡೆದುಕೊಳ್ಳುವ ಹಾಗೆಯೇ ಇದನ್ನು ಕಟ್ಟಿದ್ದಾರೆ. ಆದರೆ ಬರೆಯದೇ 'ಬರೆದೆ' ಅಂತ ಸುಳ್ಳು ಹೇಳುವ ಡಿಸ್ಕ್ ಸಿಕ್ಕರೆ ಅದಾದರೂ ಏನು ಮಾಡೀತು!

ಮೊದಲ ಕೆಲಸ, ಸಾಫ್ಟ್‌ವೇರ್ ಮುಚ್ಚಿ. ಫೋಲ್ಡರ್ ಪೂರ್ತಿ ಪೆನ್‌ಡ್ರೈವ್‌ಗೆ ಕಾಪಿ ಮಾಡಿ. ಮುಖ್ಯ ಫೈಲಿನ ಹೆಸರಿಗೇ 'ವಾಲ್', 'ಎಸ್‌ಎಚ್‌ಎಂ' ಅಥವಾ 'ಜರ್ನಲ್' ಅಂತ ಬಾಲ ಅಂಟಿಸಿಕೊಂಡ ಫೈಲುಗಳು ಪಕ್ಕದಲ್ಲಿ ಇರಬಹುದು, ಅವೂ ಬೇಕೇ ಬೇಕು. ಹೊಸ ಬಿಲ್ಲು ಮೊದಲು ವಾಲ್ ಫೈಲಿನಲ್ಲಿ ಕೂತು, ಅದು ಸುಮಾರು 1,000 ಪುಟ (ಡೇಟಾಬೇಸ್ ತನ್ನನ್ನು ಹಂಚಿಕೊಂಡಿರುವ ಸಣ್ಣ ತುಂಡುಗಳು) ತುಂಬಿದ ಮೇಲೆ ಮುಖ್ಯ ಫೈಲಿಗೆ ಸೇರುವುದು ವಾಡಿಕೆ. ಮಾವ ಅಳಿಸಿದ್ದು ಅದನ್ನೇ. ಇನ್ನು ಏನೇ ಮಾಡಿದರೂ ಕಾಪಿಯ ಮೇಲೆ ಮಾಡಿ, ಮೂಲ ಮುಟ್ಟಬೇಡಿ.

ಫೈಲ್ ಸೈಜ್ ನೋಡಿ. 0 ಇದ್ದರೆ ಅದರೊಳಗೆ ಏನೂ ಇಲ್ಲ, ಹಳೆ ಬ್ಯಾಕಪ್ ಹುಡುಕಿ. ಇಲ್ಲದಿದ್ದರೆ ಕಾಪಿಯನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ, ಸೇವ್ ಮಾತ್ರ ಒತ್ತಬೇಡಿ. ಶುರುವಿನಲ್ಲೇ 'ಎಸ್‌ಕ್ಯುಲೈಟ್ ಫಾರ್ಮ್ಯಾಟ್ 3' ಅಂತ ಇಂಗ್ಲಿಷಿನಲ್ಲಿ ಕಂಡರೆ ತಲೆ ನೆಟ್ಟಗಿದೆ. ಕಾಣದಿದ್ದರೆ ತಲೆಯೇ ಹಾಳಾಗಿರಬಹುದು, ಅಥವಾ ಸಾಫ್ಟ್‌ವೇರಿನವರು ಬೀಗ ಹಾಕಿರಬಹುದು. ಆಗ ಅವರಿಗೇ ಫೋನ್ ಮಾಡಿ.

ಎಸ್‌ಕ್ಯುಲೈಟ್‌ನ ಸ್ವಂತ ವೆಬ್‌ಸೈಟಿನಲ್ಲಿ ಕಮಾಂಡ್ ಬರೆದು ನಡೆಸುವ ಸಣ್ಣ ಟೂಲ್ ಉಚಿತವಾಗಿ ಸಿಗುತ್ತದೆ. ದುಡ್ಡು ಕೇಳುವ 'ರಿಪೇರಿ' ಸಾಫ್ಟ್‌ವೇರ್ ಸುಮ್ನೆ ಯಾಕೆ? ಕಾಪಿಯನ್ನು ಈ ಉಚಿತ ಟೂಲಿನಲ್ಲಿ ತೆರೆದು 'ಪ್ರಾಗ್ಮಾ ಇಂಟೆಗ್ರಿಟಿ ಚೆಕ್' ಓಡಿಸಿ (ಇಂಗ್ಲಿಷಿನಲ್ಲಿ ಇಂಟೆಗ್ರಿಟಿ, ಚೆಕ್ ನಡುವೆ ಅಂಡರ್‌ಸ್ಕೋರ್, ಕೊನೆಗೆ ಸೆಮಿಕೋಲನ್). ಬಂದ ದೂರುಗಳೆಲ್ಲ ಇಂಡೆಕ್ಸ್‌ನದೇ (ಬೇಗ ಹುಡುಕಲು ಇಟ್ಟುಕೊಂಡ ಸೂಚಿ) ಆಗಿದ್ದರೆ 'ರೀಇಂಡೆಕ್ಸ್' ಒಂದೇ ಸಾಕಾಗಬಹುದು, ಡೇಟಾ ಹೋಗಿರುವುದಿಲ್ಲ.

ದೂರು ಅದಕ್ಕಿಂತ ಜಾಸ್ತಿ ಇದ್ದರೆ ಶುರುವಿನಲ್ಲಿ ಚುಕ್ಕಿ ಇಟ್ಟು ಬರೆಯುವ 'ರಿಕವರ್' ಕಮಾಂಡ್ ಬೇಕು. ಇದು 2019ರಲ್ಲಿ ಬಂದದ್ದು, ಹಾಗಾಗಿ ಟೂಲ್ ಹಳೆಯದಾಗಿರಬಾರದು. ಅದು ಕೊಡುವುದನ್ನು ಒಂದು ಟೆಕ್ಸ್ಟ್ ಫೈಲಿಗೆ ಇಳಿಸಿ, ಆ ಟೆಕ್ಸ್ಟನ್ನು ಬೇರೆ ಹೆಸರಿನ ಖಾಲಿ ಡೇಟಾಬೇಸಿಗೆ ತುಂಬಿ. ವಿಂಡೋಸಿನಲ್ಲಾದರೆ ಪವರ್‌ಶೆಲ್ ಬೇಡ, ತುಂಬುವಾಗ ಬಳಸುವ ಎಡಮುಖದ ಬಾಣವನ್ನು (<) ಅದು ಒಪ್ಪುವುದಿಲ್ಲ. ಹಳೆಯ ಕಮಾಂಡ್ ಪ್ರಾಂಪ್ಟೇ ಸರಿ. ರಿಕವರ್ ಇಲ್ಲದಿದ್ದರೆ 'ಡಂಪ್' ಇದೆ, ಆದರೆ ಅದರಲ್ಲೊಂದು ತೊಡಕು. ತಪ್ಪು ಎದುರಾದರೆ ಟೆಕ್ಸ್ಟಿನ ಕೊನೆಯ ಸಾಲಿನಲ್ಲಿ 'ರೋಲ್‌ಬ್ಯಾಕ್' ಅಂತ ಬರೆದಿಡುತ್ತದೆ. ಅದನ್ನು 'ಕಮಿಟ್' ಅಂತ ಬದಲಿಸದಿದ್ದರೆ ತುಂಬಿದ್ದೆಲ್ಲ ವಾಪಸ್ ಹೋಗಿ ಹೊಸ ಫೈಲ್ ಖಾಲಿಯೇ ಉಳಿಯುತ್ತದೆ.

ಫೈಲ್ ತೆರೆಯಿತು ಅಂತ ಕುಣಿಯಬೇಡಿ. ಚೆಕ್ ಮತ್ತೆ ಓಡಿಸಿ, 'ಓಕೆ' ಬರಬೇಕು. ಕೊನೆಯ ಬಿಲ್ ನಂಬರನ್ನು ಕಾಗದದ ಬಿಲ್ಲಿಗೆ ತಾಳೆ ನೋಡಿ. 'ಲಾಸ್ಟ್ ಅಂಡ್ ಫೌಂಡ್' ಅನ್ನುವ ಹೊಸ ಟೇಬಲ್ ಕಂಡರೆ, ಯಾವ ಟೇಬಲಿನವು ಅಂತ ಗೊತ್ತಾಗದ ಸಾಲುಗಳು ಅಲ್ಲಿವೆ, ಕೂತು ಕೈಯಿಂದಲೇ ವಿಂಗಡಿಸಬೇಕು. ಇನ್ನೊಂದು ವಿಷಯ, ರಿಕವರ್ ಖಾಲಿ ಪುಟಗಳನ್ನೂ ಕೆದಕುವುದರಿಂದ ಹಿಂದೆ ಅಳಿಸಿದ ಸಾಲುಗಳೂ ಎದ್ದು ಬರಬಹುದು. ಬೇಡವಾದರೆ 'ಇಗ್ನೋರ್ ಫ್ರೀಲಿಸ್ಟ್' ಆಯ್ಕೆ ಇದೆ. ನಾನು ಅದನ್ನು ಹಾಕಿರಲಿಲ್ಲ. ಎಂದೋ ಅಳಿಸಿದ್ದ ಒಂದು ಬಿಲ್ಲು ಬಾಕಿ ಪಟ್ಟಿಯಲ್ಲಿ ಮತ್ತೆ ಬಂದು ಕೂತಿತ್ತು, ನಾನು ನೋಡುವಷ್ಟರಲ್ಲಿ ಮಾವ ಆ ಗಿರಾಕಿಗೆ ಫೋನೂ ಮಾಡಿಬಿಟ್ಟಿದ್ದರು.